ಹೆರಳು ಹಾಕುತ್ತ ಕೇಳಿದ ಪ್ರಶ್ನೆ

ಆಪಾ ಎಂದರೆ ನನಗೆ ಮೊದಲು ಕಾಣುವುದು ಕೊಬ್ಬರಿ ಎಣ್ಣೆಯಲ್ಲಿ ಮಿರುಗುವ ಬೆರಳುಗಳು. ಶೋಕಸಭೆಯಲ್ಲಿ ಮಾತ್ರ ಎಲ್ಲರೂ ಅವರ ನಗುಮುಖವನ್ನೇ ಹೊಗಳಿದರು: ‘ಆ ಮುಖ ನೋಡಿದರೆ ಸಾಕು, ಹುಡುಗಿಯರು ಮನಸ್ಸು ಬಿಚ್ಚುತ್ತಿದ್ದರು.’ ಒಪ್ಪಲಾರೆ. ಹುಡುಗಿಯರು ಮಾತಾಡಿದ್ದು ಆ ಮುಖ ಕಾಣದಿದ್ದುದರಿಂದ.

ಅಕ್ಕ ಎನ್ನುವ ಬದಲು ನಾವೆಲ್ಲ ಆಪಾ ಎನ್ನುತ್ತಿದ್ದ ಅವರು ವಿಜಯಪುರದ ಕಡೆಯವರು. ಆರೋಗ್ಯ ಸಂಶೋಧನೆಗೆಂದು ಜೋಗೇಶ್ವರಿಯಲ್ಲಿ ಸಾಲುಮನೆಗಳಿದ್ದ ನಮ್ಮ ಚಾಳಿಗೆ ಬರುತ್ತಿದ್ದರು. ಪ್ರೀತಿ, ಮೈ, ದವಾಖಾನೆ ಇವುಗಳ ವಿಷಯದಲ್ಲಿ ಹರೆಯದವರು ಯಾರ ಮಾತು ಕೇಳಿ, ಯಾವುದಕ್ಕೆ ಹೆದರಿ ನಿರ್ಧಾರ ಮಾಡುತ್ತಾರೆ? ಅದನ್ನು ತಿಳಿಯುವುದು ಅವರ ಕೆಲಸ. ತಾಯಂದಿರು ಒಪ್ಪಿದರೂ ಒಂದೇ ಖೋಲಿಯ ಮನೆಯಲ್ಲಿ ಏಕಾಂತ ಎಲ್ಲಿಂದ ಬರಬೇಕು? ಹಾಗಾಗಿ ಮನೆಗಳ ಮುಂದಿನ ಉದ್ದನೆಯ ಗ್ಯಾಲರಿಯ ತುದಿಯಲ್ಲಿ ಹುಡುಗಿಯ ಬೆನ್ನ ಹಿಂದೆ ಕೂತು, ತಲೆಗೆ ಎಣ್ಣೆ ಹಚ್ಚಿ, ಹೆರಳು ಹಾಕುತ್ತ ಮೆಲ್ಲಗೆ ಕೇಳುತ್ತಿದ್ದರು. ನೋಡಿದವರಿಗೆ ಕಾಣುತ್ತಿದ್ದುದು ಬರೀ ಹೆರಳು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಸೊಕ್ಕಿನಲ್ಲಿ ನಾನು ಅವರ ಸಹಾಯಕಿಯಾಗಿ ಸೇರಿದ್ದೆ. ಬಂದವಳೇ ತಗಾದೆ ತೆಗೆದೆ.

‘ಆಪಾ, ಪ್ರೂಫ್ ಏನೈತಿ? ಈ ಹುಡುಗ್ಯಾರು ನಿಮ್ಮನ್ನ ಖುಷ್ ಮಾಡಾಕ ಸುಳ್ಳ ಹೇಳ್ತಿರಬಹುದಲ್ಲಾ?’

‘ವಕೀಲಸಾಹೇಬ್ರ, ಹೊಳ್ಳಿ ಕೂಡ್ರಿ. ತಲಿ ಕಾಗಿ ಗೂಡಾಗೇತಿ.’

ಅವರಿಗೆ ಬೆನ್ನು ಮಾಡಿ ಕೂತೆ. ಬಾಚಣಿಗೆ ಬೈತಲೆ ತೆಗೆಯಿತು.

‘ಮೈಯಾಗ ಏನರ ತ್ರಾಸ ಆತಂದ್ರ, ಮೊದಲ ಯಾರ ಮುಂದ ಹೇಳ್ತಿ?’

ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆ. ಸುಲಭ ಎಂದುಕೊಂಡು ಬಾಯಿ ತೆರೆದೆ. ಅವ್ವನಿಗೆ? ಮೊದಲು ಹೊಡೆಯುತ್ತಾಳೆ. ಗೆಳತಿಗೆ? ಸಂಜೆಯೊಳಗೆ ಚಾಳಿಗೆಲ್ಲ ಸುದ್ದಿ.

‘ಯಾರ ಮುಂದೂ ಇಲ್ಲ,’ ಎಂದೆ.

ಬೆರಳುಗಳು ನಿಂತವು. ‘ಎಲ್ಲಾರೂ ಇದನ್ನ ಅಂತಾರ ಬೇಟಾ. ಆಮ್ಯಾಲ ಹೊತ್ತು ಮೀರಿದ ಮ್ಯಾಲ ದವಾಖಾನಿಗೆ ಬರ್ತಾರ. ನೀ ನನ್ನ ಮುಂದ ಹೇಳು.’

ಹೇಳಿದೆ. ಅಂದಿನಿಂದ ಎಲ್ಲವನ್ನೂ ಅವರಿಗೇ ಮೊದಲು ಹೇಳಿದೆ. ಒಮ್ಮೆ ಕ್ಲಿನಿಕ್ಕಿನ ಬಾಗಿಲವರೆಗೆ ಹೋಗಿ ನಾನು ತಿರುಗಿ ಬಂದಾಗ, ಕೈ ಹಿಡಿದು ಒಳಗೆ ಕರೆದೊಯ್ದವರು ಅವರೇ. ಆದರೆ ಅವರ ಮನೆಯಲ್ಲಿ ಯಾರಿದ್ದಾರೆ ಎಂದು ನಾನು ಕೇಳಿದ್ದಿಲ್ಲ, ಚಾಳಿನಲ್ಲಿ ಯಾರೂ ಕೇಳಿದ್ದಿಲ್ಲ. ಸಂಜೆ ಬೆರಳು ಒರೆಸಿಕೊಂಡು ಒಬ್ಬರೇ ಸ್ಟೇಷನ್ನಿನ ಕಡೆ ನಡೆಯುತ್ತಿದ್ದರು.

ಕೊನೆಗೆ ಆಪಾರನ್ನು ಆಸ್ಪತ್ರೆಯಲ್ಲಿ ಕಂಡಾಗ, ಅವರ ಗರ್ಭಕೋಶದಲ್ಲಿ ಹುಟ್ಟಿದ ಕ್ಯಾನ್ಸರ್ ಮೈಯೆಲ್ಲ ಹರಡಿತ್ತು. ರಕ್ತ ಹೋಗಲು ಶುರುವಾಗಿ ಬಹಳ ಕಾಲವಾಗಿತ್ತಂತೆ. ‘ಇಷ್ಟು ದಿನ ಏನು ಮಾಡುತ್ತಿದ್ದಿರಿ?’ ಎಂದು ಡಾಕ್ಟರು ರೇಗಿ ಹೋದರು. ಆಪಾ ಗೋಡೆಯ ಕಡೆ ಹೊಳ್ಳಿ ಕೂತರು, ಚಾಳಿನ ಹುಡುಗಿಯರ ಹಾಗೆ.

ನಾನು ಬೆನ್ನ ಹಿಂದೆ ಕೂತೆ. ಉಳಿದಿದ್ದ ಒಂದಿಷ್ಟು ಕೂದಲಿಗೆ ಎಣ್ಣೆ ಹಚ್ಚುತ್ತ ಮೆಲ್ಲಗೆ ಕೇಳಿದೆ:

‘ಆಪಾ, ನೀವು ಮೊದಲ ಯಾರ ಮುಂದ ಹೇಳಿದ್ರಿ?’