ಕತ್ತರಿ ಅಕ್ಕನ ಬ್ಯಾಟರಿ

ಕತ್ತರಿ ಅಕ್ಕನನ್ನು ನಾನು ಬಹಳ ದಿನ ದೊಡ್ಡ ಭಕ್ತೆ ಎಂದು ತಿಳಿದಿದ್ದೆ.

ನಮ್ಮ ಬೀದಿಯ ತುದಿಗೆ ಒಂದು ದಿಬ್ಬವಿದೆ. ಬೆಳಗ್ಗೆ ಕಿಟಕಿಯ ಬಳಿ ಕೂತರೆ, ಆಕೆ ದಪ್ಪ ಚೌಕಟ್ಟಿನ ಸೈಕಲ್ಲೊಂದನ್ನು ಎರಡೂ ಕೈಯಿಂದ ದೂಡುತ್ತ ಅದನ್ನು ಏರುವುದು ಕಾಣುತ್ತಿತ್ತು. ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಹೆಜ್ಜೆಗೊಮ್ಮೆ ತುಟಿ ಅಲುಗುತ್ತಿತ್ತು. ಇಷ್ಟು ಏದುಸಿರಿನಲ್ಲೂ ಜಪ ಬಿಡದ ಜೀವವೆಂದು ನನಗೆ ಗೌರವ ಬೆಳೆಯಿತು. ಒಂದು ದಿನ ಎದುರಿಗೆ ಸಿಕ್ಕಾಗ, "ಯಾವ ಮಂತ್ರ ಅಕ್ಕ?" ಎಂದು ಕೇಳಿಯೂ ಬಿಟ್ಟೆ.

"ಮಂತ್ರಾನಾ? ನನ್ನ ಮೈದುನನಿಗೆ ಬೈತಾ ಇದ್ದೆ ಅಣ್ಣ," ಎಂದಳು ಆಕೆ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ. "ದಿಬ್ಬ ಮುಗಿಯೋವರೆಗೆ ಒಂದು ಬೈಗುಳ ಎರಡು ಸಲ ಬರಬಾರದು ಅಂತ ನಿಯಮ ಇಟ್ಕೊಂಡಿದೀನಿ. ಇಲ್ಲದಿದ್ರೆ ಬೇಜಾರಾಗುತ್ತೆ."

ನನ್ನ ಊಹೆ ಪೂರ್ತಿ ಸುಳ್ಳೇನಲ್ಲ. ಜಪ ನಡೆಯುತ್ತಲೇ ಇತ್ತು, ದೇವರು ಮಾತ್ರ ಬೇರೆ.

ಎದ್ದು ಓಡಾಡಲಾರದವರ ಬಳಿಗೇ ಹೋಗಿ ಕೂದಲು ಕತ್ತರಿಸುವುದು ಆಕೆಯ ಕಸುಬು. ಹಾಸಿಗೆ ಹಿಡಿದವರು, ಸೊಂಟ ಮುರಿದುಕೊಂಡವರು, ಗಾಲಿಕುರ್ಚಿಯವರು ಆಕೆಯ ಗಿರಾಕಿಗಳು. ನನ್ನ ತಾಯಿಯೂ ಒಬ್ಬರು. ಮೊದಲು ಆಕೆ ಒಂದು ದೊಡ್ಡ ಸಲೂನಿನಲ್ಲಿದ್ದಳು. ಅಲ್ಲಿ ಗಿರಾಕಿಯೊಬ್ಬಳು ಪತ್ರಿಕೆಯ ಚಿತ್ರ ತೋರಿಸಿ "ನನಗೂ ಹೀಗೇ ಮಾಡಿ" ಎಂದಾಗ, "ಕೂದಲು ಮಾಡ್ತೀನಿ, ಮುಖ ಎಲ್ಲಿಂದ ತರಲಿ?" ಎಂದು ಕೇಳಿದಳು. ಕೆಲಸ ಹೋಯಿತು. ಮಲಗಿದವರ ಹತ್ತಿರ ಆ ಅಪಾಯವಿಲ್ಲ. ಎಷ್ಟು ಅನ್ನಿಸಿಕೊಂಡರೂ ಅವರು ಎದ್ದು ಹೋಗಲಾರರು.

ಮಲಗಿದವರ ತಲೆಗೆ ಒಂದು ಕ್ರಮವಿದೆ. ದಿಂಬಿನ ಮೇಲೆ ಪ್ಲಾಸ್ಟಿಕ್ ಹಾಸಿ, ತಲೆಯನ್ನು ಎಡಕ್ಕೆ ಹೊರಳಿಸಿ ಬಲಭಾಗ ಮುಗಿಸಬೇಕು, ಆಮೇಲೆ ಬಲಕ್ಕೆ ಹೊರಳಿಸಿ ಎಡಭಾಗ. ಎರಡು ಭಾಗವೂ ನೆತ್ತಿಯಲ್ಲಿ ಗೆರೆ ಬೀಳದ ಹಾಗೆ ಕೂಡಬೇಕು. ಕೊನೆಗೆ ಗಡ್ಡ. ಮುದುಕರ ಗಂಟಲಿನ ಚರ್ಮ ಒಗೆದು ಹಿಂಡಿದ ಬಟ್ಟೆಯ ಹಾಗೆ. ಅದನ್ನು ಒಂದು ಕೈಯಲ್ಲಿ ಎಳೆದು ಹಿಡಿದು ಇನ್ನೊಂದು ಕೈಯಲ್ಲಿ ಕ್ಷೌರದ ಕತ್ತಿ ಆಡಿಸುವಾಗ ಕೈ ನಡುಗಿದರೆ ಕಥೆ ಮುಗಿಯಿತು.

ಈಗ ಕೈ ನಡುಗತೊಡಗಿತ್ತು. ಕಾರಣ ಆ ಸೈಕಲ್ಲು.

ಅದು ಬ್ಯಾಟರಿಯ ಸೈಕಲ್ಲು. ಮೈ ಇಳಿಸಲೆಂದು ಕೊಂಡು, ಮೈಗಿಂತ ಮೊದಲು ಹುಮ್ಮಸ್ಸು ಇಳಿದುಹೋದ ಹಲ್ಲಿನ ವೈದ್ಯರೊಬ್ಬರಿಂದ ಆಕೆ ಕೊಂಡದ್ದು. ಅವರು ಅದನ್ನು ಕಾರಿನ ಶೆಡ್ಡಿನಲ್ಲಿ ಚಾರ್ಜ್ ಮಾಡದೆ ನಿಲ್ಲಿಸಿಬಿಟ್ಟಿದ್ದರು. ಖಾಲಿ ಹೊಟ್ಟೆಯಲ್ಲಿ ಬಹಳ ಕಾಲ ಬಿದ್ದ ಬ್ಯಾಟರಿ ಸೊರಗುತ್ತದಂತೆ. ಸ್ವಲ್ಪ ದಿನ ನಡೆದು, ಆಮೇಲೆ ಕೆಮ್ಮಿ, ಒಂದು ದಿನ ಪ್ರಾಣ ಬಿಟ್ಟಿತು. ಬ್ಯಾಟರಿ ಸತ್ತ ಮೇಲೆ ಆ ಸೈಕಲ್ಲಿನಷ್ಟು ಜಡ ವಸ್ತು ಇನ್ನೊಂದಿಲ್ಲ. ಬಿಟ್ಟು ನಡೆಯೋಣವೆಂದರೆ ತಲೆ ತೊಳೆಯುವ ಬೋಗುಣಿ, ನೀರಿನ ಕ್ಯಾನು, ಕತ್ತರಿಗಳ ಚೀಲ ಹೊರುವವರು ಯಾರು? ಅದಕ್ಕೇ ದೂಡುತ್ತಿದ್ದಳು.

ದಿಬ್ಬದ ಮೇಲೆ ವೃದ್ಧರ ಆರೈಕೆ ಮನೆಯಿದೆ. ಪ್ರತಿ ಬುಧವಾರ ಅಲ್ಲಿನ ತಲೆಗಳೆಲ್ಲ ಆಕೆಯವು, ಸಂಸಾರದ ಅರ್ಧ ಆ ಬುಧವಾರದ ಮೇಲೆ ನಿಂತಿತ್ತು. ಹೋದ ಸಲ ದೂಡಿ ದೂಡಿ ಮೇಲೇರಿದ ಕೈ ಇನ್ನೂ ಅದುರುತ್ತಿರುವಾಗಲೇ ಕತ್ತರಿ ಹಿಡಿದಳು. ನಿವೃತ್ತ ನ್ಯಾಯಾಧೀಶರೊಬ್ಬರ ಕಿವಿಯ ತುದಿ ಕತ್ತರಿಗೆ ಸಿಕ್ಕಿ ದಿಂಬು ಕೆಂಪಾಯಿತು. ಅಲ್ಲಿನ ಮೇಟ್ರನ್ ಪಟ್ಟಿ ಅಂಟಿಸುತ್ತ ಶಾಂತವಾಗಿ ಹೇಳಿದರು: "ಮುಂದಿನ ಬುಧವಾರಾನೂ ಕೈ ಹೀಗೇ ಇದ್ರೆ ನಾನು ಬೇರೆಯವರನ್ನ ಕರೀತೀನಮ್ಮ."

ಹೊಸ ಬ್ಯಾಟರಿ ಏಕೆ ಇಷ್ಟು ದಿನ ಬಂದಿರಲಿಲ್ಲ ಎಂದರೆ, ಆ ಜವಾಬ್ದಾರಿಯನ್ನು ಮೈದುನ ವಹಿಸಿಕೊಂಡಿದ್ದ.

ಈತ ವಾಹನ ನಿಲ್ದಾಣವೊಂದರಲ್ಲಿ ಮೇಲ್ವಿಚಾರಕ. ಒಮ್ಮೆ, ಬೇರೆ ಯಾರೂ ಒಪ್ಪದ್ದರಿಂದ, ತಮ್ಮ ಕಟ್ಟಡದ ನಿವಾಸಿಗಳ ಸಂಘಕ್ಕೆ ಅಧ್ಯಕ್ಷನಾಗಿದ್ದ. ಅವಧಿ ಮುಗಿದರೂ ಪದವಿ ಮೈಬಿಟ್ಟಿರಲಿಲ್ಲ, ಎಲ್ಲರೂ ಅಧ್ಯಕ್ಷ ಎಂದೇ ಕರೆಯುತ್ತಿದ್ದರು. ಕೆಲವರು ನಗುತ್ತ ಕರೆಯುತ್ತಿದ್ದರು, ಆತನಿಗೆ ಎರಡೂ ಒಂದೇ ಆಗಿ ಕೇಳಿಸುತ್ತಿತ್ತು. ಆತನ ಆಡಳಿತದ ಗುರುತಾಗಿ ಉಳಿದಿರುವುದು ಒಂದು ಫಲಕ: 'ಮೆಟ್ಟಿಲ ಮೇಲೆ ನಿಲ್ಲಬಾರದು.' ಅದನ್ನು ಹಾಕಿರುವುದು ಮೆಟ್ಟಿಲ ತಿರುವಿನಲ್ಲಿ, ಸಣ್ಣ ಅಕ್ಷರದಲ್ಲಿ. ಓದಬೇಕಾದರೆ ನಿಲ್ಲಲೇಬೇಕು.

ಮೇಟ್ರನ್ ಮಾತು ಕೇಳಿದ ಸಂಜೆಯೇ ಅಧ್ಯಕ್ಷ ಅತ್ತಿಗೆಯ ಮನೆಯಲ್ಲಿ ಸಭೆ ಕರೆದ. ನೆರೆಯವನೆಂಬ ಅರ್ಹತೆಯ ಮೇಲೆ ನನಗೂ ಒಂದು ಕುರ್ಚಿ ಸಿಕ್ಕಿತು. ಅಕ್ಕನ ಗಂಡನೂ ಇದ್ದ. ಕೋಲ್ಡ್ ಸ್ಟೋರೇಜಿನಲ್ಲಿ ಆತನ ಕೆಲಸ, ಅಲ್ಲಿನ ಗುಣವನ್ನು ಮನೆಗೂ ತರುತ್ತಿದ್ದ. ಯಾವುದಕ್ಕೂ ಬಿಸಿಯಾಗುತ್ತಿರಲಿಲ್ಲ. ಮೇಜಿನ ಮೇಲೆ ಸತ್ತ ಬ್ಯಾಟರಿಯನ್ನು ಮಲಗಿಸಿದ್ದರು.

"ಬ್ಯಾಟರಿ ಅಂದ್ರೆ ಏನು?" ಅಧ್ಯಕ್ಷ ಎದ್ದು ನಿಂತು ಕೇಳಿದ. ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದ. "ನೋಡಿ, ಇದೇ ಸಮಸ್ಯೆ. ಯಾರಿಗೂ ಗೊತ್ತಿಲ್ಲ."

"ನಿನಗೆ ಗೊತ್ತೇನೋ?" ಎಂದಳು ಅಕ್ಕ.

"ಪ್ರಶ್ನೆ ಕೇಳ್ತಾ ಇರೋನು ನಾನು ಅತ್ತಿಗೆ." ಬ್ಯಾಟರಿಯನ್ನು ಎತ್ತಿ ತೂಗಿದ, ಕಿವಿಗೆ ಹಿಡಿದು ಅಲುಗಿಸಿದ. "ಹಗುರ. ಮೋಸದ ಮಾಲು. ಲಾರಿ ಬ್ಯಾಟರಿ ನೋಡಿದೀರಾ? ಇಬ್ಬರು ಹಿಡಿದು ಎತ್ತಬೇಕು. ಅದಕ್ಕೇ ಲಾರಿ ಓಡುತ್ತೆ. ಭಾರ ಇದ್ದಷ್ಟೂ ಬಲ."

"ಹಾಗಾದ್ರೆ ಬೀಸೋ ಕಲ್ಲು ಕಟ್ಕೊಂಡು ಹೋಗ್ಲಾ?"

"ವಿಷಯಾಂತರ ಬೇಡ," ಎಂದ ಅಧ್ಯಕ್ಷ. ಗಂಡ ತಲೆಯಾಡಿಸಿದ. ಯಾವ ಕಡೆಗೆ ಎಂದು ತಿಳಿಯಲಿಲ್ಲ.

ಒಂದು ದಿನ ಬಿಟ್ಟು ಅಧ್ಯಕ್ಷ ಕಬ್ಬಿಣದ ಪೆಟ್ಟಿಗೆಯೊಂದನ್ನು ಹೊರಿಸಿಕೊಂಡು ಬಂದ. ಹಳೆಯ ಸ್ಕೂಟರುಗಳಿಂದ ಕಿತ್ತ ಸೀಸದ ಬ್ಯಾಟರಿಗಳನ್ನು ಪರಿಚಯದವನೊಬ್ಬ ಅದರಲ್ಲಿ ಸಾಲಾಗಿ ಕೂರಿಸಿ ತಂತಿ ಬಿಗಿದಿದ್ದ. ಸೈಕಲ್ಲಿನ ಚೌಕಟ್ಟಿನಲ್ಲಿ ಬ್ಯಾಟರಿಗೆಂದೇ ಇರುವ ಜಾಗದಲ್ಲಿ ಅದು ಹಿಡಿಸುವ ಪ್ರಶ್ನೆಯೇ ಇರಲಿಲ್ಲ. ಹಿಂದಿನ ಕ್ಯಾರಿಯರಿಗೆ ಹಗ್ಗದಿಂದ ಬಿಗಿದರು. ಬೀದಿಯ ಜನ ಬಾಗಿಲಿಗೆ ಬಂದು ನಿಂತರು. ಅಕ್ಕ ಹತ್ತಿ ಕೂತು ದಿಬ್ಬದ ಬುಡಕ್ಕೆ ಬಂದಳು. ಏರು ಸಿಕ್ಕ ಕೂಡಲೇ ಸೈಕಲ್ಲು ಬೆದರಿದ ಕುದುರೆಯ ಹಾಗೆ ಮುಂಗಾಲೆತ್ತಿತು. ಅಕ್ಕ ಪಕ್ಕಕ್ಕೆ ಹಾರಿಕೊಂಡಳು. ಸೈಕಲ್ಲು ಅಂಗಾತ ಮಲಗಿ ಚಕ್ರ ತಿರುಗಿಸುತ್ತಿತ್ತು.

"ನೋಡಿದ್ರಾ ಬಲ!" ಎಂದು ಅಧ್ಯಕ್ಷ ನಮ್ಮ ಕಡೆ ತಿರುಗಿದ.

"ನನ್ನ ಚೀಲ ಎಲ್ಲಿಡಲಿ? ಬೋಗುಣಿ?"

"ಹ್ಯಾಂಡಲ್‌ಗೆ ನೇತು ಹಾಕಿ ಅತ್ತಿಗೆ. ಮುಂದೆ ಭಾರ ಬೀಳುತ್ತೆ, ಚಕ್ರ ಏಳಲ್ಲ. ಎರಡು ಸಮಸ್ಯೆಗೆ ಒಂದೇ ಪರಿಹಾರ."

"ಮೂರನೇ ಸಮಸ್ಯೆ ಉಳೀತಲ್ಲ," ಎಂದಳು ಅಕ್ಕ, ಆತನನ್ನು ಮೇಲಿಂದ ಕೆಳಗೆ ನೋಡಿ. "ಅದಕ್ಕೆ ನಿಮ್ಮಣ್ಣನೇ ಪರಿಹಾರ ಹುಡುಕಬೇಕು."

ಅಣ್ಣ ತಣ್ಣಗೆ ಹಗ್ಗ ಬಿಚ್ಚುತ್ತಿದ್ದ.

ಇನ್ನು ಯಾರನ್ನೂ ನಂಬುವುದಿಲ್ಲ ಎಂದು ಮಂಗಳವಾರ ಬೆಳಗ್ಗೆ ಅಕ್ಕ ತಾನೇ ಪೇಟೆಗೆ ಹೊರಟಳು. ಸೈಕಲ್ಲನ್ನು ನಾನು ಒಂದು ಕಡೆ ಹಿಡಿದುಕೊಂಡೆ. ಅಧ್ಯಕ್ಷನನ್ನು ಯಾರೂ ಕರೆಯಲಿಲ್ಲ, ಹಾಗಾಗಿ ಬಂದ.

ಅಕ್ಕನಿಗೆ ಬ್ಯಾಟರಿಯ ವಿಷಯದಲ್ಲಿ ಓನಾಮವೂ ಗೊತ್ತಿರಲಿಲ್ಲ. ಆದರೆ ಮನುಷ್ಯರನ್ನು ಅಳೆಯಲು ಆಕೆಯದೇ ಒಂದು ಶಾಸ್ತ್ರವಿತ್ತು, ಕತ್ತಿನ ಹಿಂಭಾಗ ನೋಡುವುದು. ಮೊದಲ ಅಂಗಡಿಯವನು ಪೆಟ್ಟಿಗೆ ತೆಗೆಯಲು ಆಚೆ ತಿರುಗಿದ್ದೇ ತಡ, ಆಕೆ ಹೊರಗೆ ಬಂದಾಗಿತ್ತು.

"ಏನಾಯ್ತು ಅಕ್ಕ?"

"ಕತ್ತಿನ ಹಿಂದೆ ನೋಡಿದ್ರಾ? ಇಲಿ ಕಚ್ಚಿದ ಹಾಗಿದೆ. ಇವನಿಗೆ ಹೀಗೆ ಕತ್ತರಿಸಿ ಕಳಿಸಿದಾರೆ, ದುಡ್ಡು ಕೊಟ್ಟು ಎದ್ದು ಬಂದಿದಾನೆ. ತನ್ನ ತಲೆ ಹಿಂದೆ ಏನಾಗಿದೆ ಅಂತ ನೋಡದೋನು ಬ್ಯಾಟರಿ ಒಳಗೇನು ನೋಡ್ತಾನೆ?"

ಎರಡನೆಯವನ ಕತ್ತು ಚೊಕ್ಕವಾಗಿತ್ತು. ಆದರೆ ಎಡಗಡೆಯ ಕೆನ್ನೆಗೂದಲು ಬಲಗಡೆಗಿಂತ ಉದ್ದ. "ಲೆಕ್ಕ ತಪ್ಪೋ ಜಾತಿ," ಎಂದು ಅವನನ್ನೂ ತಳ್ಳಿಹಾಕಿದಳು. ಪಾಪ, ಎರಡೂ ಒಳ್ಳೆಯ ಅಂಗಡಿಗಳೇ ಇದ್ದಿರಬಹುದು. ಅಧ್ಯಕ್ಷನ ತೂಕದ ಸಿದ್ಧಾಂತಕ್ಕಿಂತ ಈ ಕೂದಲಿನ ಸಿದ್ಧಾಂತ ಎಷ್ಟು ಮೇಲು ಎಂದು ನನ್ನನ್ನು ಕೇಳಬೇಡಿ. ಆ ಮನೆತನಕ್ಕೇ ಯಾವುದೋ ಗಾಳಿ ಬೀಸಿತ್ತು.

ಮೂರನೆಯ ಅಂಗಡಿ ಒಂದು ಏರುಬೀದಿಯ ಬುಡದಲ್ಲಿತ್ತು. ಅಂಗಡಿಯವನ ತಲೆ ಹಂಡೆಯ ಹಾಗೆ ಪೂರ್ತಿ ಬೋಳು. ಅಕ್ಕ ಹಿಂದಕ್ಕೆ ಹೋಗಿ ನೋಡಿದಳು, ಪಕ್ಕಕ್ಕೆ ಬಂದು ನೋಡಿದಳು. ಶಾಸ್ತ್ರ ಕೈಕೊಟ್ಟಿತು.

ಆತ ಸತ್ತ ಬ್ಯಾಟರಿಯನ್ನು ಬಿಚ್ಚಿ ನೋಡಿ, "ಒಳಗಿನ ಸೆಲ್‌ಗಳು ಹೋಗಿವೆ, ಕವಚ, ಬೀಗ ಎರಡೂ ಚೆನ್ನಾಗಿವೆ," ಎಂದ. ಎರಡು ದಾರಿ ತೋರಿಸಿದ. ಇದೇ ಅಳತೆಯ ಕವಚದಲ್ಲಿ ಹೊಸ ಸೆಲ್ ತುಂಬಿಟ್ಟದ್ದು ಒಂದು ತಯಾರಿತ್ತು, ಹಳೆಯದನ್ನು ಕೊಟ್ಟು ಅದನ್ನು ಒಯ್ಯಬಹುದು. ಇಲ್ಲವೆಂದರೆ ಇನ್ನೂ ದೊಡ್ಡದು, ಬೇರೆ ಆಕಾರದ್ದು. ಅದನ್ನು ಕೂರಿಸಲು ಚೌಕಟ್ಟಿಗೆ ಹೊಸ ತೂತು ಕೊರೆಯಬೇಕು.

"ದೊಡ್ಡದು," ಎಂದ ಅಧ್ಯಕ್ಷ ಕೂಡಲೇ. "ಒಂದು ಸಲ ಚಾರ್ಜ್ ಮಾಡಿದ್ರೆ ಊರು ದಾಟಿ ಇನ್ನೊಂದೂರಿಗೆ ಹೋಗಬಹುದು."

"ಇನ್ನೊಂದೂರಲ್ಲಿ ನನಗೇನು ಕೆಲಸ? ದಿಬ್ಬ ದಾಟಿದ್ರೆ ಸಾಕು." ಅಕ್ಕ ಅಂಗಡಿಯವನ ಕಡೆ ತಿರುಗಿದಳು. "ನಿಮ್ಮಮ್ಮನ ಸೈಕಲ್ ಆಗಿದ್ರೆ ಯಾವುದು ಹಾಕ್ತಿದ್ರಿ, ನಿಜ ಹೇಳಿ."

"ನಮ್ಮಮ್ಮ ಸೈಕಲ್ ಹತ್ತಲ್ಲ."

ಈ ಉತ್ತರದಿಂದ ಅಕ್ಕನಿಗೆ ಆತನ ಮೇಲೆ ಸ್ವಲ್ಪ ನಂಬಿಕೆ ಬಂತು. "ಆ ಚಿಕ್ಕದನ್ನ ಹಾಕಿ ಕೊಡಿ. ಈ ಏರು ಹತ್ತಿ ಬರ್ತೀನಿ."

"ಹಾಗೆ ಕೊಡಲ್ಲಮ್ಮ. ನೀವು ಹಾಗೇ ಹೋಗಿಬಿಟ್ರೆ?"

"ಇವನನ್ನ ಒತ್ತೆ ಇಟ್ಟು ಹೋಗ್ತೀನಿ," ಎಂದು ಅಧ್ಯಕ್ಷನನ್ನು ತೋರಿಸಿದಳು.

ಅಂಗಡಿಯವನು ಅಧ್ಯಕ್ಷನನ್ನು ಚಪ್ಪಲಿಯಿಂದ ಕನ್ನಡಕದವರೆಗೆ ನೋಡಿದ. "ಬೆಲೆ ಬಾಳೋದು ಏನಾದ್ರೂ ಇಡಿ."

ಅಧ್ಯಕ್ಷ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಕ್ಕ ತನ್ನ ಕತ್ತರಿಗಳ ಚೀಲವನ್ನೇ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಾಗಿತ್ತು. ಅಂಗಡಿಯವನು ಒಂದು ಕತ್ತರಿ ತೆಗೆದು ಅಲಗನ್ನು ನೋಡಿ ಬ್ಯಾಟರಿ ತಂದ. ಅದು ಚೌಕಟ್ಟಿನ ಜಾಗದಲ್ಲಿ ಜಾರಿ 'ಟಕ್' ಎಂದು ಕೂತಿತು. ಅಕ್ಕ ಏರು ಹತ್ತಿ ತಿರುವಿನಲ್ಲಿ ಮರೆಯಾದಳು.

"ದೊಡ್ಡದೇ ಸರಿ ಇತ್ತು," ಎಂದು ಅಧ್ಯಕ್ಷ ನನಗೆ ತಿಳಿಹೇಳುತ್ತಿರುವಾಗ ಆಕೆ ಇಳಿದು ಬಂದಳು. ಸೈಕಲ್ಲು ನಿಲ್ಲಿಸಿ ನೇರ ಒಳಗೆ ಬಂದು ಚೀಲದಿಂದ ಸಣ್ಣ ಕತ್ತರಿ ತೆಗೆದಳು. "ಅಲುಗಬೇಡಿ," ಎಂದು ಅಂಗಡಿಯವನ ಕಿವಿ ಹಿಡಿದಳು. ಆ ಮನುಷ್ಯನ ನೆತ್ತಿಯ ಮೇಲೆ ಇಲ್ಲದ ಬೆಳೆಯೆಲ್ಲ ಕಿವಿಯೊಳಗಿತ್ತು. ಆತ ಉಸಿರು ಬಿಗಿಹಿಡಿದು ಗೋಡೆ ನೋಡುತ್ತ ಕೂತ. ಕತ್ತರಿ ಒಳಗೆಲ್ಲ ಸುತ್ತಾಡಿ ಬಂತು, ಎಲ್ಲೂ ತಡವರಿಸಲಿಲ್ಲ. ಅಕ್ಕ ಕೈಯನ್ನು ಬೆಳಕಿಗೆ ಚಾಚಿ ನೋಡಿಕೊಂಡಳು.

"ಇದೇ ಇರಲಿ," ಎಂದಳು.

ಅಂಗಡಿಯವನು ಎರಡು ಕಿವಿಯನ್ನೂ ಮುಟ್ಟಿ ನೋಡಿಕೊಂಡು ರಸೀದಿ ಬರೆದ.

ಬುಧವಾರ ನಾನೂ ಮೇಲೆ ಹೋದೆ. ತಾಯಿಯನ್ನು ಅಲ್ಲಿ ಕೆಲವು ದಿನ ಇರಿಸಬಹುದೇ ಎಂದು ವಿಚಾರಿಸುವುದಿತ್ತು. ಉದ್ದನೆಯ ಕೋಣೆ, ಎರಡು ಸಾಲು ಮಂಚ, ಫಿನೈಲಿನ ವಾಸನೆ. ಅಕ್ಕ ಬೆವರಿಲ್ಲದ ಮುಖದಲ್ಲಿ ಬಂದು, ಬೋಗುಣಿ ಇಳಿಸಿ, ಕೈ ತೊಳೆದುಕೊಂಡಳು. ಮೇಟ್ರನ್ ಬೇಕೆಂದೇ ನ್ಯಾಯಾಧೀಶರನ್ನೇ ಮೊದಲು ತೋರಿಸಿದರು. ಅವರು ಪಟ್ಟಿ ಹಾಕಿದ ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು, "ಈ ವಿಷಯದಲ್ಲಿ ನನ್ನ ಆಕ್ಷೇಪಣೆ ಇದೆ," ಎಂದರು.

"ಆಕ್ಷೇಪಣೆ ಆಮೇಲೆ, ಈಗ ಎಡಕ್ಕೆ ತಿರುಗಿ ತಾತ."

ಬಲಭಾಗ ಮುಗಿಯಿತು. ಎಡಭಾಗ ಮುಗಿಯಿತು. ನೆತ್ತಿಯಲ್ಲಿ ಗೆರೆ ಬೀಳಲಿಲ್ಲ. ನ್ಯಾಯಾಧೀಶರ ಕೈ ಮೆಲ್ಲಗೆ ಕಿವಿಯಿಂದ ಇಳಿದು ಎದೆಯ ಮೇಲೆ ಬಂತು. ಅಕ್ಕ ನೊರೆ ಹಚ್ಚಿ, ಗಂಟಲಿನ ಚರ್ಮ ಎಳೆದು ಹಿಡಿದು, ಕತ್ತಿ ಇಟ್ಟಳು. ಮೇಟ್ರನ್ ಕಣ್ಣು ಮಿಟುಕಿಸದೆ ಆ ಕೈಯನ್ನೇ ನೋಡುತ್ತಿದ್ದರು. ಕತ್ತಿ ಗಲ್ಲದವರೆಗೆ ಒಂದೇ ಸಮನೆ ಏರಿತು. ಮೇಟ್ರನ್ ಮುಂದಿನ ಮಂಚದವರ ದಿಂಬಿಗೆ ತಾವೇ ಪ್ಲಾಸ್ಟಿಕ್ ಹಾಸಿದರು. ತೀರ್ಪು ಅಷ್ಟೇ.

ಆಗ ಬಾಗಿಲಲ್ಲಿ ಅಧ್ಯಕ್ಷ ಕಾಣಿಸಿಕೊಂಡ. ಏದುಸಿರು ಬಿಡುತ್ತ ನೇರ ಮಂಚದ ಬಳಿಗೆ ಬಂದು, ಕಿಟಕಿಗೆ ಬೆನ್ನು ಮಾಡಿ ನಿಂತು, ಮೇಟ್ರನ್‌ಗೆ ಕೇಳುವಷ್ಟು ಗಟ್ಟಿಯಾಗಿ ಕೇಳಿದ:

"ಅತ್ತಿಗೆ, ನಿಜ ಹೇಳಿ, ನಾನಿಲ್ಲದಿದ್ರೆ ಈ ಬ್ಯಾಟರಿ ಆರಿಸೋಕೆ ನಿಮಗೆ ಎಷ್ಟು ದಿನ ಬೇಕಾಗ್ತಿತ್ತು?"

ಅಕ್ಕ ಕತ್ತಿಯಿಂದ ಕಣ್ಣು ತೆಗೆಯಲಿಲ್ಲ.

"ಒಂದು ಬೆಳಗ್ಗೆ. ಬೆಳಕಿಗೆ ಅಡ್ಡ ನಿಂತಿದ್ದೀಯ, ಆಚೆ ಸರಿ."