ಕೊಡಬಹುದು, ಕೊಡಬಾರದು: ಅಡಿಬರಹದ ಅಕ್ಕನಿಗೆ

ಆನ್‌ಲೈನ್ ಪಾಠಗಳಲ್ಲಿ ಬೋಧಿಸಿದವರ ಮುಖ ಎಲ್ಲರಿಗೂ ಪರಿಚಿತ. ಆ ಮಾತನ್ನು ಕಿವಿ ಕೇಳಿಸದವರ ಕಣ್ಣಿಗೆ ಮುಟ್ಟಿಸಿದವರನ್ನು ಬಲ್ಲವರು ವಿರಳ. ಬೆರಳಚ್ಚುಗಾರ್ತಿಯಾಗಿ ನಮ್ಮ ದೂರಶಿಕ್ಷಣ ಸಂಸ್ಥೆಯನ್ನು ಸೇರಿ, ಕೊನೆಯ ಹನ್ನೆರಡು ವರ್ಷ ವಿಡಿಯೊ ಪಾಠಗಳ ಮಾತನ್ನು ಪರದೆಯ ಕೆಳಗೆ ಅಡಿಬರಹವಾಗಿ ಬರೆದು, ಇದೀಗ ನಿವೃತ್ತರಾಗುತ್ತಿರುವ ಅಕ್ಕ ಅಂಥವರಲ್ಲಿ ಅಗ್ರಗಣ್ಯರು. ಹುಟ್ಟು ಕಿವುಡಿಯಾದ ನಾನು ಇಂದು ಆಸ್ಪತ್ರೆಯ ಔಷಧ ವಿತರಣೆಯ ಕಿಟಕಿಯಲ್ಲಿ ನಿಂತಿದ್ದರೆ ಅದು ಅವರ ಬೆರಳುಗಳ ಪುಣ್ಯ. ಸಾಲುಗಳು ಓಡಿಹೋಗುತ್ತವೆಂದು ಮೊದಲ ವರ್ಷ ನಾನು ಗೋಳು ತೋಡಿಕೊಂಡಾಗ, ಮೂವತ್ತು ಪಾಠಗಳ ಸಾಲುಗಳನ್ನು ಒಡೆದು, ಪ್ರತಿಯೊಂದೂ ಪರದೆಯ ಮೇಲೆ ತುಸು ಹೆಚ್ಚು ನಿಲ್ಲುವಂತೆ ಮಾಡಿಕೊಟ್ಟವರು ಅವರು.

ಔಷಧ ವಿತರಣೆಯ ಕೋರ್ಸಿನಲ್ಲಿ ನನ್ನ ಕೊನೆಯ ವರ್ಷ ಹೊಸ ತಂತ್ರಾಂಶ ಬಂತು. ಅದು ತಾನೇ ಮಾತು ಕೇಳಿ ಬರೆದುಕೊಳ್ಳುತ್ತದೆಂದು ಅಕ್ಕನನ್ನು ದಾಖಲೆ ಕೋಣೆಗೆ ಕಳಿಸಿದರು. ಪರೀಕ್ಷೆಗೆ ಐದು ದಿನವಿತ್ತು. ನೋವಿನ ಮಾತ್ರೆಯೊಂದರ ಪಾಠದಲ್ಲಿ ‘ಖಾಲಿ ಹೊಟ್ಟೆಯಲ್ಲಿ ಕೊಡಬಹುದು’ ಎಂಬ ಸಾಲು ಬಂತು. ಆದರೆ ‘ಹು’ ಎನ್ನಲು ತುಟಿ ಮುದುಡಬೇಕಾದ ಕಡೆ ಬೋಧಕರ ಬಾಯಿ ಅಗಲವಾಗಿ ತೆರೆದಿತ್ತು. ಹತ್ತು ಸಲ ನೋಡಿದೆ. ಮೊಬೈಲ್ ಹಿಡಿದು, ನಮ್ಮ ಊರಲ್ಲೇ ಇದ್ದ ಸಂಸ್ಥೆಯ ದಾಖಲೆ ಕೋಣೆಗೆ ಓಡಿದೆ. ಅಕ್ಕ ಪಾಠವನ್ನು ಕೇಳಿಸಿಕೊಂಡರು, ನಾನು ತುಟಿ ಓದಲೆಂದು ನನ್ನತ್ತ ತಿರುಗಿ ನಿಧಾನವಾಗಿ ಹೇಳಿದರು: “ಕೊಡಬಾರದು ಅಂತಿದಾರಮ್ಮಾ.”

ಇಬ್ಬರೂ ಪ್ರಾಂಶುಪಾಲರ ಕೋಣೆಗೆ ಹೋದೆವು. “ಒಂದಕ್ಷರಕ್ಕೆ ಯಾಕಿಷ್ಟು ರಂಪ?” ಎಂದರು ಅವರು.

“ಅದು ಅಕ್ಷರ ಅಲ್ಲ ಸರ್, ಯಾರದೋ ಹೊಟ್ಟೆಗೆ ಹೋಗೋ ಮಾತ್ರೆ. ಎಲ್ಲಾ ಪಾಠ ನಾನು ಕೇಳ್ತೀನಿ. ಅಲ್ಲೀವರೆಗೂ ಪರೀಕ್ಷೆ ನಿಲ್ಲಿಸಿ” ಎಂದರು ಅಕ್ಕ.

ಪರೀಕ್ಷೆ ಹತ್ತು ದಿನ ಮುಂದೆ ಹೋಯಿತು. ಪುಸ್ತಕ ಹಿಡಿದು ನಾನು ಪಕ್ಕದಲ್ಲಿ ಕುಳಿತೆ. ಅರ್ಥವೇ ತಲೆಕೆಳಗಾದ ಹದಿನೇಳು ಸಾಲುಗಳು ಸಿಕ್ಕವು. ಏಳನೆಯ ದಿನ, ಮೂರು ವರ್ಷದ ಹಿಂದೆ ತಾವೇ ಬರೆದ ಹಳೆಯ ಪಾಠವೊಂದನ್ನು ತಾಳೆ ನೋಡಲು ತೆರೆದ ಅಕ್ಕ ತಟ್ಟನೆ ನಿಲ್ಲಿಸಿದರು. ಬೋಧಕರು ‘ಮಕ್ಕಳಿಗೆ ಅರ್ಧ ಮಾತ್ರೆ’ ಎಂದಿದ್ದರು; ಬರಹದಲ್ಲಿ ‘ಅರ್ಧ’ ಬಿಟ್ಟುಹೋಗಿತ್ತು. “ಸುಮ್ನೆ ತಿದ್ದಿಬಿಡಿ ಅಕ್ಕಾ, ಯಾರಿಗೂ ಗೊತ್ತಾಗಲ್ಲ” ಎಂದು ಚೀಟಿಯಲ್ಲಿ ಬರೆದವಳು ನಾನೇ ಎಂಬುದನ್ನು ನಾಚಿಕೆಯಿಂದಲೇ ಇಲ್ಲಿ ದಾಖಲಿಸುತ್ತೇನೆ.

“ಯಂತ್ರದ ತಪ್ಪಿಗೆ ಡಂಗುರ ಹೊಡೆದು, ನನ್ನ ತಪ್ಪಿಗೆ ಬಾಯಿ ಹೊಲ್ಕೊಳ್ಳಲಾ?” ಎಂದರು ಅಕ್ಕ.

ಆ ಪಾಠವನ್ನು ಅಡಿಬರಹದಲ್ಲಿ ಓದಿದ್ದ ಇಪ್ಪತ್ತಮೂರು ಮಂದಿಗೂ ಅಕ್ಕ ತಪ್ಪೊಪ್ಪಿ ಬರೆದರು. ಇಪ್ಪತ್ತೆರಡು ಉತ್ತರಗಳು ಬಂದವು. ಬರದಿದ್ದದ್ದು ಮಕ್ಕಳ ವಾರ್ಡಿನಲ್ಲಿ ಕೆಲಸಕ್ಕಿದ್ದ ಹುಡುಗಿಯದು. ಮೂರು ದಿನ ಅಕ್ಕ ಮೊಬೈಲನ್ನು ಕೈಯಿಂದ ಕೆಳಗಿಡಲಿಲ್ಲ. ನಾಲ್ಕನೆಯ ದಿನ ಬಂತು: “ಅವತ್ತೇ ಪುಸ್ತಕ ನೋಡಿ ತಿದ್ಕೊಂಡಿದ್ದೆ ಅಕ್ಕಾ. ಹೆರಿಗೆಗೆ ಅಂತ ಅಮ್ಮನ ಮನೇಲಿದೀನಿ, ಅದಕ್ಕೇ ತಡ ಆಯ್ತು.” ಅಕ್ಕ ಮೇಜಿಗೆ ತಲೆಯಿಟ್ಟು ಅತ್ತರು. ಸದ್ದು ನನಗೆ ಕೇಳಿಸಲಿಲ್ಲ. ಮೇಜು ಅದುರುತ್ತಿದ್ದುದು ಅಂಗೈಗೆ ತಿಳಿಯಿತು.

ಅಕ್ಕ ಮತ್ತೆ ಅಡಿಬರಹಕ್ಕೆ ಬಂದರು. ಮನುಷ್ಯರೊಬ್ಬರು ಕೇಳಿ ನೋಡದೆ ಯಾವ ಪಾಠವೂ ಹೊರಹೋಗಬಾರದೆಂಬ ನಿಯಮವಾಯಿತು. ನಾಳೆ ಆ ಕುರ್ಚಿ ಖಾಲಿ. ಯಂತ್ರ ಈಗ ತಪ್ಪೇ ಮಾಡುವುದಿಲ್ಲವೆಂದು ಎಲ್ಲರೂ ಹೊಗಳುತ್ತಿದ್ದಾರೆ. ಆ ಹೊಗಳಿಕೆಗೇ ನನಗೆ ದಿಗಿಲು. ಅಕ್ಕ ಆಯುರಾರೋಗ್ಯವಂತರಾಗಿ ಬಹುಕಾಲ ಬಾಳಲಿ. ವಾರಕ್ಕೊಮ್ಮೆಯಾದರೂ ಬಂದು ನಮ್ಮ ಹೊಸಬರಿಗೆ ಒಂದಕ್ಷರದ ತಪ್ಪಿಗೂ ಹೆದರುವುದನ್ನು ಕಲಿಸಲಿ.