ಚಾವಡಿಯ ಕಂಬಕ್ಕೆ ಡಾಕ್ಟರು ಬಂದದ್ದು

ಮೊನ್ನೆ ಪುತ್ತೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರೋ ಪೈಂಟಿನ ಡಬ್ಬಿಯ ಮುಚ್ಚಳ ಎಬ್ಬಿಸಿದರು. ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಳ್ಳಲು ಬಂದಿದ್ದ ನಲ್ಲಿಯನ್ನು ಮರೆತು ನಾನು ಹೊರಗೆ ಬಂದು ನಿಂತೆ. ನಿಮಗೆ ಆ ವಾಸನೆ ಹಿತವಾಗಿರಬಹುದು. ನನಗೂ ಒಂದು ಕಾಲಕ್ಕೆ ಹಾಗೇ ಇತ್ತು. ಈಗ ಮಾತ್ರ ಯಾರೋ ಹೆಸರು ಹಿಡಿದು ಬೈದ ಹಾಗಾಗುತ್ತದೆ. ಕಾರಣ ಹೇಳುತ್ತೇನೆ. ನಗಬೇಡಿ ಎನ್ನುವುದಿಲ್ಲ, ಎಂದರೂ ನೀವು ಕೇಳುವವರಲ್ಲ.

ಪಂಜದಿಂದ ಸ್ವಲ್ಪ ಒಳಗೆ ನಮ್ಮ ಊರಿನ ದೈವದ ಚಾವಡಿ ಇದೆ. ನಾಲ್ಕು ಮರದ ಕಂಬ, ಪ್ರತಿ ಕಂಬದ ತಲೆಯಲ್ಲಿ ಕೆತ್ತಿದ ಗಿಳಿಗಳ ಸಾಲು. ನಾನು ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮರುವರ್ಷವೇ ಸಮಿತಿಗೆ ಕಾರ್ಯದರ್ಶಿಯಾದೆ. ಕೆಲಸವಿಲ್ಲದವನ ಕೈಗೆ ಅಧಿಕಾರ ಸಿಕ್ಕಿದರೆ ಏನಾಗುತ್ತದೆಂದು ಆ ಕಂಬಗಳನ್ನೇ ಕೇಳಬೇಕು. ವರ್ಷವೂ ದೈವದ ಉತ್ಸವವಾದ ನೇಮಕ್ಕೆ ಮೊದಲು ಯಾರಾದರೊಬ್ಬರು ಹರಕೆಯಾಗಿ ಕಂಬಗಳಿಗೆ ಬಣ್ಣ ಬಳಿಸುವುದು ನಮ್ಮಲ್ಲಿ ರೂಢಿ. ಹಳೆಯದನ್ನು ಕೆರೆಯುವಂತಿಲ್ಲ. ಇನ್ನೊಬ್ಬರ ಹರಕೆಯನ್ನು ಕೆರೆದು ತೆಗೆಯುವುದುಂಟೇ? ಅದರ ಮೇಲೆಯೇ ಬಳಿಯುವುದು. ನನ್ನ ಸರದಿಯಲ್ಲಿ ಗಿಳಿಹಸಿರು ಆರಿಸಿ, ಒಂದು ಸಲಕ್ಕೆ ತೃಪ್ತಿಯಾಗದೆ ಎರಡು ಸಲ ಬಳಿಸಿದೆ. ರಸ್ತೆಯಿಂದಲೇ ಕಾಣುತ್ತಿತ್ತು. ಅದನ್ನು ನೋಡುವುದಕ್ಕೆಂದೇ ನಾನು ರಸ್ತೆಗೆ ಹೋಗುತ್ತಿದ್ದೆ.

ಮೂರು ವರ್ಷ ಕಳೆದಾಗ ಒಂದು ಕಂಬದ ಬುಡದಲ್ಲಿ ಒತ್ತಿದ ಬೆರಳು ಒಳಗೆ ಹೋಯಿತು. ಸಮಿತಿ ಸೇರಿ ಕಾಂಕ್ರೀಟ್ ಕಂಬ ನಿಲ್ಲಿಸುವುದೆಂದು, ಹಳೆಯದನ್ನು ಪದ್ಧತಿಯಂತೆ ಹೊಳೆಗೆ ಬಿಡುವುದೆಂದು ಚಹಾ ಮುಗಿಯುವುದರೊಳಗೆ ತೀರ್ಮಾನಿಸಿತು. ಬೇಡ ಎಂದವರು ಶೀನ ಆಚಾರ್ರು ಒಬ್ಬರೇ. ಎಪ್ಪತ್ತು ದಾಟಿದ ಬಡಗಿ. ಆ ಕಂಬಗಳನ್ನು ಕೆತ್ತಿದ್ದು ಅವರ ಅಜ್ಜ.

"ಅಜ್ಜನದ್ದು ಅಂತ ಇನ್ನು ಉಳಿದದ್ದು ಇಷ್ಟೇ ಮಾಷ್ಟ್ರೇ," ಎಂದರು. ನನಗೆ ಪಾಪ ಅನ್ನಿಸಿತು. ಆದರೂ ಕಾಂಕ್ರೀಟಿನ ವಿಚಾರದಲ್ಲಿ ನಾನು ಗಟ್ಟಿಯಾಗಿದ್ದೆ.

ಅಷ್ಟರಲ್ಲಿ ಸಮಿತಿಯ ಅಧ್ಯಕ್ಷರ ಸೊಸೆ, ತನಗೆ ಕಾಲೇಜಿನಲ್ಲಿ ಪಾಠ ಮಾಡಿದ ಮೇಡಂ ಒಬ್ಬರನ್ನು ಕರೆಸಿದಳು. ಹಳೆಯ ಮರವನ್ನು ಪರೀಕ್ಷಿಸಿ ಉಳಿಸುವ ವಿಜ್ಞಾನಿ. ಊರಿನ ಬಾಯಲ್ಲಿ ಅವರು ಮರದ ಡಾಕ್ಟ್ರು ಆದರು. ಅವರು ಚಿಕ್ಕ ಸುತ್ತಿಗೆಯಿಂದ ಕಂಬವನ್ನು ತಟ್ಟಿ ಕಿವಿಗೊಟ್ಟರು. ಎರಡು ಸೂಜಿ ಚುಚ್ಚಿ, ಒಳಗಿನ ಒದ್ದೆ ಎಷ್ಟೆಂದು ಯಂತ್ರದಲ್ಲಿ ನೋಡಿದರು.

"ಬೀಪಿ ನೋಡುದಾ?" ಎಂದು ಅಧ್ಯಕ್ಷರು ನನ್ನ ಕಿವಿಯಲ್ಲಿ ಕೇಳಿದರು.

ಆಮೇಲೆ ಬಣ್ಣದ ಒಂದು ಚಕ್ಕೆ ಎಬ್ಬಿಸಿ ಭೂತಗನ್ನಡಿಯ ಕೆಳಗಿಟ್ಟರು. ಕೊಯ್ದ ಪತ್ರೊಡೆಯ ಹಾಗೆ ಪದರ ಪದರ. "ಈ ಹಸಿರು ಎಲ್ಲದಕ್ಕಿಂತ ದಪ್ಪ ಇದೆ. ಯಾವಾಗಿನದು?" ಎಂದು ಕೇಳಿದರು. ಎಲ್ಲರೂ ನನ್ನನ್ನು ನೋಡಿದರು. ನಾನು ಮಾಡಿನ ಹಂಚು ನೋಡಿದೆ.

ನೆಲದಿಂದ ಏರಿದ ನೀರನ್ನು ಮರ ಮೈಯಿಂದ ಹೊರಗೆ ಬಿಡಬೇಕಂತೆ. ನಾವು ವರ್ಷವರ್ಷವೂ ಮೈ ಮುಚ್ಚಿದ್ದರಿಂದ ನೀರು ಬುಡದಲ್ಲೇ ನಿಂತಿತ್ತು. ಕೊಳೆಸಿದ್ದು ಮಳೆಯಲ್ಲ, ನಮ್ಮ ಹರಕೆ. ಕೇಳಿ ನನಗೆ ನಾಚಿಕೆಯಾಯಿತು.

"ಕೆಟ್ಟಿರುವುದು ಒಂದು ಮೊಳ ಮಾತ್ರ," ಎಂದರು ಮೇಡಂ. "ಅಷ್ಟನ್ನು ಕತ್ತರಿಸಿ ಅದೇ ಜಾತಿಯ ಮರ ಜೋಡಿಸಿದರೆ ಸಾಕು."

ಜಾತಿ ಯಾವುದು? ನೇಮದ ಆಮಂತ್ರಣದ ಕಾಗದದಲ್ಲಿ ನಾನು 'ಸಾಗುವಾನಿ ಕಂಬಗಳ ಭವ್ಯ ಚಾವಡಿ' ಎಂದು ಅಚ್ಚು ಹಾಕಿಸುತ್ತಿದ್ದೆ. ಮೇಡಂ ಕೂದಲಿನಷ್ಟು ತೆಳ್ಳಗೆ ಒಂದು ಪದರ ಕೊಯ್ದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರು. ಉಳಿದ ಚೂರನ್ನು ಆಚಾರ್ರು ನಾಲಗೆಯ ಮೇಲಿಟ್ಟುಕೊಂಡು, "ಕಿರಾಲುಬೋಗಿ," ಎಂದರು. ಮೇಡಂ ತಲೆ ಎತ್ತಿ, "ಹೌದು, ಬೋಗಿಯೇ," ಎಂದು ಅವರ ಹೆಸರು ಕೇಳಿ ಬರೆದುಕೊಂಡರು. ಸಾಗುವಾನಿಯ ಬಗ್ಗೆ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅದು ಅವರ ದೊಡ್ಡತನ.

ಆದರೆ ಅಧ್ಯಕ್ಷರು, "ಜೋಡಿಸಿದ ಮರ ದೈವಕ್ಕೆ ಆಗುದಿಲ್ಲ," ಎಂದರು. ಅದಕ್ಕಿಂತ ದೊಡ್ಡ ತೊಡಕು ಆಚಾರ್ರದ್ದೇ. "ನನ್ನಿಂದ ಆಗುದಿಲ್ಲ. ಅಜ್ಜನ ಕಂಬಕ್ಕೆ ನಾನು ಗರಗಸ ಇಡುದಾ? ಅವರ ಉಳಿ ಒಮ್ಮೆಯೂ ತಪ್ಪಿದ್ದಿಲ್ಲ." ಚಿಕ್ಕಂದಿನಲ್ಲಿ ಉಳಿ ಜಾರಿದಾಗಲೆಲ್ಲ ಅವರ ಅಪ್ಪ ಈ ಮಾತನ್ನೇ ಹೇಳಿ ಬೈಯುತ್ತಿದ್ದರಂತೆ. ಬೇರೆ ಬಡಗಿಗಳಿಗೆ ಆ ಕೆಲಸ ಗೊತ್ತಿಲ್ಲ. ಅಲ್ಲಿಗೆ ಕಂಬದ ದಾರಿ ಹೊಳೆಗೇ ಎಂದಾಯಿತು.

"ಬಿಡುವ ಮುಂಚೆ ಬಣ್ಣ ತೆಗೆದು ಫೋಟೋ ಆದರೂ ಇಟ್ಟುಕೊಳ್ಳುತ್ತೇನೆ," ಎಂದು ಮೇಡಂ ಎಂಟು ದಿನದ ಸಮಯ ಕೇಳಿದರು. ಹತ್ತಿಯಲ್ಲಿ ಔಷಧಿ ಅದ್ದಿ, ಬೆರಳಗಲ ಬೆರಳಗಲ ಬಣ್ಣ ಎಬ್ಬಿಸಿದರು. ಗಿಳಿಗಳಿಗೆ ಕಣ್ಣು ಬಂತು, ರೆಕ್ಕೆಯಲ್ಲಿ ಗೆರೆ ಬಂತು. ಆಚಾರ್ರು ದಿನವೂ ಬಂದು ಮೆಟ್ಟಿಲಲ್ಲಿ ಸುಮ್ಮನೆ ಕೂರುತ್ತಿದ್ದರು. ಅಜ್ಜನ ಕೆಲಸವನ್ನು ಅವರೂ ಸರಿಯಾಗಿ ನೋಡಿದ್ದು ಆಗಲೇ.

ಐದನೆಯ ದಿನ ಮೇಡಂ ಅವರನ್ನು ಕರೆದು ಕೈಗೆ ಭೂತಗನ್ನಡಿ ಕೊಟ್ಟರು. ಮೂರನೆಯ ಗಿಳಿಯ ಎದೆಯಲ್ಲಿ ಉಗುರಿನಷ್ಟು ಜಾಗದಲ್ಲಿ ಮರದ ಎಳೆ ಅಡ್ಡಕ್ಕೆ ಹೋಗಿತ್ತು. "ಇದು ಬೇರೆ ಮರ. ಹಲಸು," ಎಂದರು ಮೇಡಂ. ಉಳಿ ಜಾರಿ ಚೂರು ಹಾರಿಹೋಗಿದೆ. ಅಜ್ಜ ಅಲ್ಲಿ ಹಲಸಿನ ತುಂಡು ಕೂರಿಸಿ, ಅದರ ಮೇಲೆಯೇ ಗರಿ ಕೆತ್ತಿದ್ದಾರೆ.

ಆಚಾರ್ರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಮೆಲ್ಲಗೆ ನಗತೊಡಗಿದರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. "ಅಜ್ಜನಿಗೂ ತಪ್ಪಿದೆ ಮಾಷ್ಟ್ರೇ. ತೇಪೆ ಹಾಕಿ, ಯಾರಿಗೂ ಹೇಳದೆ ಹೋಗಿದ್ದಾರೆ."

ಅಧ್ಯಕ್ಷರು ತಲೆ ಕೆರೆದುಕೊಂಡರು. "ಹಾಗಾದ್ರೆ ದೈವ ಇಷ್ಟು ಕಾಲ ಜೋಡಿಸಿದ ಮರದ ಅಡಿಯಲ್ಲೇ ಇದ್ದದ್ದಾ?" ಆ ಗಿಳಿಯನ್ನು ಇನ್ನೊಮ್ಮೆ ನೋಡಿದರು. "ದೈವಕ್ಕಿಲ್ಲದ ಬೇಸರ ನಮಗೆಂತಕ್ಕೆ ಮಾರಾಯ್ರೆ," ಎಂದು ಅವರೇ ಮುಗಿಸಿದರು.

ಸಂಪಾಜೆಯಲ್ಲಿ ಬಿಚ್ಚಿದ ಹಳೆಯ ಮನೆಯೊಂದರಿಂದ ಬೋಗಿಯ ತೊಲೆ ಬಂತು. ಆಚಾರ್ರು ಗರಗಸ ಹಿಡಿದರು. ಆ ಕಂಬ ನಿಂತಿತು. ಮೇಡಂ ಸೂಜಿ ಚುಚ್ಚಿ ನೋಡಿದಾಗ ಉಳಿದವುಗಳ ಬುಡವೂ ಮೆತ್ತಗಾಗಿತ್ತು. ವರ್ಷಕ್ಕೊಂದರಂತೆ ಈಗ ಮೂರನೆಯದು ನಡೆಯುತ್ತಿದೆ.

ಮೊನ್ನೆ ಅಂಗಡಿಯ ಹೊರಗೆ ನಿಂತಿದ್ದಾಗಲೇ ಆಚಾರ್ರ ಫೋನು ಬಂತು. "ಬರುವಾಗ ಚಾವಡಿಗೊಮ್ಮೆ ಬಂದು ಹೋಗಿ." ದನಿ ಕೇಳಿ ಹೆದರಿ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಅವರು ಹೊಸ ಬುಡದಲ್ಲಿ ಕೆತ್ತುತ್ತಿದ್ದ ಬಳ್ಳಿಯೊಂದರ ಮೇಲೆ ಹೆಬ್ಬೆರಳಿಟ್ಟು ಕೂತಿದ್ದರು. ಬೆರಳು ತೆಗೆದರು. ಉಳಿ ತಪ್ಪಿದ ಜಾಗದಲ್ಲಿ ಒಂದು ಚಿಕ್ಕ ಹಲಸಿನ ತುಂಡು, ಅದರ ಮೇಲೆ ಎಲೆ. ಆ ಮನುಷ್ಯನನ್ನು ಅಷ್ಟು ಸಂತೋಷದಲ್ಲಿ ನಾನು ಕಂಡೇ ಇರಲಿಲ್ಲ.

"ಮೇಡಂಗೆ ಹೇಳುದಾ?" ಎಂದು ಕೇಳಿದೆ.

"ಬೇಡ," ಎಂದರು ಆಚಾರ್ರು. "ಇನ್ನು ನೂರು ವರ್ಷ ಕಳೆದು ಬರುವ ಡಾಕ್ಟ್ರಿಗೂ ಎಂತಾದ್ರೂ ಕೆಲಸ ಬೇಕಲ್ಲ."